ಪಿಸುಮಾತಿನ ಬೆಟ್ಟ

ಬೆಟ್ಟದ ಮೇಲಿನ ಸಂಶೋಧನಾ ಬಂಗಲೆ,
ಬುಧವಾರ, ಮಧ್ಯಾಹ್ನ

ನನ್ನ ಮುದ್ದಿನ ಜೇಡರಾಣಿಗೆ,

ಮುರಿದ ಕಾಲನ್ನು ದಿಂಬಿನ ಮೇಲೆ ಮೆರೆಸಿಕೊಂಡು, ಗಂಡನ ಕೈಯಲ್ಲಿ ಚಹಾ ತರಿಸಿಕೊಂಡು ಕುಡಿಯುತ್ತ ಕುಳಿತಿರುವ ಮಹಾರಾಣಿಗೆ ಅಮ್ಮನ ಸಾವಿರ ಮುತ್ತುಗಳು!

ಮೊದಲ ಮಾತು, ಮುಖ್ಯ ಮಾತು, ಬೇರೇನನ್ನೂ ಓದದಿದ್ದರೂ ಇದೊಂದನ್ನು ಓದು: ನೀನು ಇಲ್ಲಿಗೆ ಬರಬೇಡ. ಪ್ಲಾಸ್ಟರು ಬಿಚ್ಚಿದ ಕೂಡಲೇ ಜೀಪು ಹತ್ತುತ್ತೇನೆ ಎಂದು ಕುಣಿಯುತ್ತಿದ್ದೀಯಲ್ಲ, ಆ ಕುಣಿತ ನಿಲ್ಲಿಸು. ನೀನು ಬರುವ ಅಗತ್ಯವೇ ಇಲ್ಲ. ನಿನಗೆ ಬೇಕಾದದ್ದು ಸಿಕ್ಕಿದೆ! ಹತ್ತಿಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿ ಕೂರಿಸಿ, ಮದ್ಯಸಾರದ ಸೀಸೆಯಲ್ಲಿ ತೇಲುತ್ತ, ಈ ಪತ್ರದ ಜೊತೆಯಲ್ಲೇ ಜೀಪಿನವನ ಕೈಯಲ್ಲಿ ನಿನ್ನ ಮನೆಗೆ ಬಿಜಯಂಗೈಯುತ್ತಿದ್ದಾಳೆ. ನೀಲಿಗಾಲಿನವಳು. ಹೆಣ್ಣು!

ಹೋದ ವರ್ಷ ನೀನು ಇಲ್ಲಿಂದ ತಂದ ಗಂಡು ಟರಂಟುಲಾವನ್ನು ನನಗೆ ಭೂತಗನ್ನಡಿಯ ಕೆಳಗೆ ತೋರಿಸಿದ್ದು ನೆನಪಿದೆ. ಬೆರಳಿನಷ್ಟು ಪ್ರಾಣಿ, ಬಾಯಿಯ ಪಕ್ಕದ ಪುಟ್ಟ ಕೈಯ ತುದಿಯಲ್ಲಿ ತಿರುಚಿದ ಮುಳ್ಳು. "ಅಮ್ಮಾ, ಈ ಮುಳ್ಳು ಜಗತ್ತಿನ ಬೇರೆ ಯಾವ ಜೇಡಕ್ಕೂ ಇಲ್ಲ ಕಣೇ, ಇದು ಹೊಸ ಜಾತಿ" ಎಂದು ನೀನು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಬಾಗಿಲು ಬಡಿದಿದ್ದರು. ಆಮೇಲೆ ನಿಮ್ಮ ಮ್ಯೂಸಿಯಮ್ಮಿನ ಹಿರಿಯರು ತಣ್ಣೀರು ಎರಚಿದರು. ಗಂಡೊಂದನ್ನೇ ಇಟ್ಟುಕೊಂಡು ಹೊಸ ಜಾತಿ ಎನ್ನಲು ಒಪ್ಪುವುದಿಲ್ಲ, ಬೆಳೆದ ಹೆಣ್ಣನ್ನು ತಂದು ತೋರಿಸು ಎಂದರು. ನೀನು ಹೊರಡುವ ಹುರುಪಿನಲ್ಲಿ ಮ್ಯೂಸಿಯಮ್ಮಿನ ಏಣಿಯಿಂದ ಬಿದ್ದೆ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು "ನಾನಿದ್ದೇನೆ! ನಾನು ತರುತ್ತೇನೆ!" ಎಂದು ನಾನು ಘೋಷಿಸಿದಾಗ ಆ ನರ್ಸಮ್ಮ ಸಿರಿಂಜು ಬಿಟ್ಟು ಓಡಿಬಂದಿದ್ದಳಲ್ಲ! ಮೈಕಿಲ್ಲದ ಕಾಲದಲ್ಲಿ, ಮೀಸೆ ಅಂಟಿಸಿಕೊಂಡು ರಾಜನ ಪಾರ್ಟು ಮಾಡಿ, ಹಿಂದಿನ ಬೆಂಚಿನವನ ಎದೆಗೂ ದನಿ ಮುಟ್ಟಿಸಿದ ಗಂಟಲು ಇದು. ಅದು ನಿನಗೂ ಬಂದಿದೆ. ಆ ಕಾರಣಕ್ಕೇ ಹೇಳುತ್ತಿದ್ದೇನೆ, ಬರಬೇಡ.

ಇರು, ಕ್ರಮವಾಗಿ ಹೇಳುತ್ತೇನೆ. ನಡುವೆ ಪ್ರವೇಶ ಮಾಡಿದರೆ ನಾಟಕ ಕೆಡುತ್ತದೆ.

ಬರುವಾಗ ಜೀಪಿನವನು ದಾರಿಯುದ್ದಕ್ಕೂ ಹಾಡು ಹಾಕಿಕೊಂಡು, ಹಾರನ್ನು ಬಾರಿಸಿಕೊಂಡು, ತನ್ನ ಅತ್ತೆಯನ್ನು ಬೈದುಕೊಂಡು ಬಂದ. ಕೊನೆಯ ತಿರುವು ದಾಟುತ್ತಿದ್ದಂತೆ ಹಾಡು ಬಂದ್. ಎಂಜಿನ್ನೂ ಬಂದ್. ಜೀಪನ್ನು ಅಲ್ಲೇ ನಿಲ್ಲಿಸಿ ನನ್ನ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡ. ಮೇಲಿನ ತನಕ ಯಾಕೆ ಬಿಡುವುದಿಲ್ಲ ಎಂದು ಕೇಳಿದ್ದಕ್ಕೆ ಅವನು ಸುತ್ತ ನೋಡಿ, "ಅಮ್ಮಾ, ಸ್ವಲ್ಪ ವಾಲ್ಯೂಮು ಕಮ್ಮಿ ಮಾಡ್ಕೊಳ್ಳಿ. ಇಲ್ಲಿಂದ ಮುಂದೆ ಎಲ್ಲಾರೂ ಹಿಂಗೇ" ಅಂದ. ಉಸಿರಿನಲ್ಲಿ ಅಂದ. ಯಾರು ಹೇಳಿದ್ದು ಎಂದೆ. "ಯಾರೂ ಹೇಳಿಲ್ಲ. ನಂಗಿಂತ ಮುಂಚೆ ಬರ್ತಿದ್ದೋನೂ ಹಿಂಗೇ ಮಾಡ್ತಿದ್ದ" ಅಂದ.

ಬಂಗಲೆಯ ಅಡುಗೆಯವನು ಇವನನ್ನೂ ಮೀರಿಸಿದವನು. ನಿನಗೂ ಗೊತ್ತಿರುವವನೇ. ಬಟ್ಟೆಯ ಚಪ್ಪಲಿ ಹಾಕಿಕೊಂಡು ಓಡಾಡುತ್ತಾನೆ, ಪಾತ್ರೆಯ ಕೆಳಗೆ ಗೋಣಿತಾಟು ಹಾಸುತ್ತಾನೆ, ಸೌದೆಯನ್ನು ಒಡೆಯುವುದಿಲ್ಲ, ಗರಗಸದಲ್ಲಿ ಮೆಲ್ಲಗೆ ಕೊಯ್ಯುತ್ತಾನೆ. ನಾನು ಅವನಿಗೆ ಪಿಸುರಾಯ ಎಂದು ಹೆಸರಿಟ್ಟೆ. "ಪಿಸುರಾಯರೇ, ನಿಮ್ಮ ಗಂಟಲಲ್ಲಿ ಏನಪ್ಪಾ ಸಿಕ್ಕಿಕೊಂಡಿದೆ?" ಎಂದು ದರ್ಬಾರಿನ ದನಿಯಲ್ಲಿ ಕೇಳಿದ ಮೊದಲ ದಿನ ಅವನ ಕೈಯಲ್ಲಿದ್ದ ಸೌಟು ಬಿತ್ತು. ಅವನು ನನ್ನ ಮುಖ ನೋಡಲಿಲ್ಲ, ನೆಲ ನೋಡಿದ. ಆಮೇಲೆ ಸೌಟು ತೊಳೆಯಲು ಹೋದ. ಎಂಥ ಮೂಕನಾಟಕದ ಮಂಡಳಿಗೆ ಬಂದು ಬಿದ್ದೆನಪ್ಪಾ ಎಂದು ನಾನು ಒಬ್ಬಳೇ ನಕ್ಕೆ.

ಬಂಗಲೆಯ ಹಿಂದಿನ ಇಳಿಜಾರು ನೀನು ಕಂಡದ್ದೇ. ಕಲ್ಲು, ಪಾಚಿ, ಮೊಣಕಾಲೆತ್ತರದ ಹುಲ್ಲು, ಹುಲ್ಲಿನ ಬುಡದಲ್ಲಿ ಬಿಲಗಳು, ಬಿಲದ ಬಾಯಿಗೆಲ್ಲ ರೇಷ್ಮೆಯ ಅಂಚು. ನೀನು ಕಲಿಸಿಕೊಟ್ಟ ಹಾಗೆಯೇ ಹುಲ್ಲುಕಡ್ಡಿ ಹಿಡಿದು ಹೊಟ್ಟೆಯ ಮೇಲೆ ಮಲಗಿದೆ. ಕಡ್ಡಿಯ ತುದಿಯಿಂದ ರೇಷ್ಮೆಯನ್ನು ಹುಳು ನಡೆದ ಹಾಗೆ ಕೆದಕಬೇಕು, ಅವಳು ಬೇಟೆ ಬಂತೆಂದು ಮೇಲೆ ಬರಬೇಕು, ಆಗ ಹಿಂದೆ ಸಲಿಕೆಯ ಮೊನೆ ಇಳಿಸಿ ಅವಳ ದಾರಿ ಮುಚ್ಚಬೇಕು. ಹೇಳುವುದು ಸುಲಭ! ನನ್ನ ಕೈಯಲ್ಲಿ ಕಡ್ಡಿ ಕತ್ತಿಯಾಗುತ್ತದೆ. ಚುಚ್ಚಿದೆ, ತಿವಿದೆ, ಬೇಡಿದೆ, ಬೈದೆ. ಒಬ್ಬಳೂ ಹೊರಗೆ ಬರಲಿಲ್ಲ. ದಿನಗಟ್ಟಲೆ ಹೀಗೆ. ಸೀರೆಯೆಲ್ಲ ಪಾಚಿ, ಮೊಣಕೈಯೆಲ್ಲ ಗಾಯ, ಡಬ್ಬಿ ಖಾಲಿ.

ಕೊನೆಗೊಂದು ಮಧ್ಯಾಹ್ನ ಮಂಜು ಎಷ್ಟು ಕವಿಯಿತೆಂದರೆ ನನ್ನ ಪಾದವೇ ನನಗೆ ಕಾಣಲಿಲ್ಲ. ಸಿಟ್ಟು ಬಂತು ಮಗಳೇ. ಎದ್ದು ನಿಂತೆ, ಸೊಂಟಕ್ಕೆ ಕೈಯಿಟ್ಟೆ, ಎದೆ ತುಂಬ ಗಾಳಿ ಎಳೆದುಕೊಂಡು ನನ್ನ ರಾಜನ ಪ್ರವೇಶದ ಮಾತನ್ನು ಬಿಟ್ಟೆ: "ಯಾರಲ್ಲಿ! ದೀವಟಿಗೆ ಎತ್ತಿ ಹಿಡಿಯಿರಿ! ಸೋತು ಬಂದವನ ಮುಖವನ್ನು ಈ ಊರು ಸರಿಯಾಗಿ ನೋಡಲಿ!"

ಮಂಜು ತುಸು ಸರಿಯಿತು. ನೋಡುತ್ತೇನೆ, ಇಳಿಜಾರಿನ ಒಂದೊಂದು ಬಿಲದ ಬಾಯಲ್ಲೂ ಒಬ್ಬೊಬ್ಬಳು. ಅಂಗೈ ಅಗಲದವರು, ನೀನು ತಂದ ಗಂಡಿಗಿಂತ ಎಷ್ಟೋ ಪಾಲು ದೊಡ್ಡವರು, ಮುಂಗಾಲುಗಳಲ್ಲಿ ಆ ಬೂದಿ ಬೆರೆತ ನೀಲಿ. ಎರಡೆರಡು ಮುಂಗಾಲನ್ನು ರೇಷ್ಮೆಯ ಅಂಚಿನ ಮೇಲೆ ಊರಿ, ಮುಂದಿನ ಸಾಲಿನಲ್ಲಿ ಮೊಣಕೈ ಊರಿ ಕುಳಿತ ಪ್ರೇಕ್ಷಕರ ಹಾಗೆ, ಅಲುಗಾಡದೆ, ನನ್ನ ಕಡೆಗೇ ಮುಖ ಮಾಡಿ ಕುಳಿತಿದ್ದಾರೆ. ಹೌಸ್‌ಫುಲ್!

ಜೇಡಕ್ಕೆ ಕಿವಿಯಿಲ್ಲ, ಕಾಲಿನ ರೋಮದಲ್ಲಿ ಕೇಳುತ್ತದೆ, ನಮ್ಮ ಮಾತು ಅದಕ್ಕೆ ಬರೀ ನಡುಕ ಎಂದು ನೀನು ಹೇಳಿದ್ದೆ. ಇರಲಿ. ನನ್ನ ನಡುಕಕ್ಕೆ ಅವರು ಬಂದಿದ್ದರು. ಎಷ್ಟು ವರ್ಷವಾಗಿತ್ತು ಹೇಳು, ನನ್ನ ಮಾತಿಗೆ ಒಂದು ಸಭೆ ಹೀಗೆ ಉಸಿರು ಹಿಡಿದು ಕುಳಿತು! ಕಣ್ಣು ತುಂಬಿ ಬಂತು. ಆದರೂ ಕೆಲಸ ಮರೆಯಲಿಲ್ಲ. ಹತ್ತಿರದವಳ ಹಿಂದೆ ಸಲಿಕೆ ಇಳಿಸಿದೆ, ಡಬ್ಬಿ ಮುಚ್ಚಿದೆ, ಬಂಗಲೆಗೆ ಬಂದು ನೀನು ಹೇಳಿಕೊಟ್ಟ ಕ್ರಮದಲ್ಲೇ ಸೀಸೆಗೆ ಇಳಿಸಿದೆ. ಅವಳು ಕಾಲು ಮಡಚಿಕೊಳ್ಳುವ ತನಕ ಜೊತೆಗೇ ಕುಳಿತಿದ್ದೆ. ಮುದ್ದಾಗಿದ್ದಳು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಗಂಟುಮೂಟೆ ಕಟ್ಟಬೇಕಿತ್ತು. ಆದರೆ ಚಪ್ಪಾಳೆಯ ರುಚಿ ಕಂಡವಳು ನಾನು. ಮರುದಿನ ಮಧ್ಯಾಹ್ನ ಬರಿಗೈಯಲ್ಲಿ ಇಳಿಜಾರಿಗೆ ಹೋದೆ, ಬರೀ ಆಡುವುದಕ್ಕೆ.

ದರ್ಬಾರಿನ ದೃಶ್ಯವನ್ನು ಪೂರ್ತಿ ಆಡಿದೆ. ಎಲ್ಲರೂ ಬಂದರು. ಆ ದೃಶ್ಯದಲ್ಲಿ ರಾಜ ಪ್ರಶ್ನೆ ಕೇಳಿ ಸುಮ್ಮನಾಗುತ್ತಾನೆ, ಮಂತ್ರಿ ಉತ್ತರ ಹೇಳಬೇಕು. ಮಂತ್ರಿಯ ಪಾರ್ಟಿಗೆ ಯಾರೂ ಇರಲಿಲ್ಲವಲ್ಲ, ರೂಢಿಯಂತೆ ಸುಮ್ಮನೆ ನಿಂತು ಆ ಜಾಗವನ್ನು ಬಿಟ್ಟೆ. ಆ ಮೌನದಲ್ಲಿ ಉತ್ತರ ಬಂತು.

ದಡ್, ದಡ್. ನೆಲದ ಅಡಿಯಿಂದ. ಕಿವಿಗೆ ಕೇಳಿಸಿದ್ದಕ್ಕಿಂತ ಅಂಗಾಲಿಗೆ ಕೇಳಿಸಿತು, ಆಮೇಲೆ ಮೊಣಕಾಲಿಗೆ, ಆಮೇಲೆ ಹಲ್ಲಿಗೆ. ಎಲ್ಲೋ ಕಲ್ಲು ಉರುಳಿತು ಎಂದುಕೊಂಡು ಮುಂದಿನ ಮಾತು ಹೇಳಿದೆ, ಮತ್ತೆ ನಿಲ್ಲಿಸಿದೆ. ನಿಲ್ಲಿಸಿದ ಜಾಗದಲ್ಲೇ ಮತ್ತೆ ದಡ್, ದಡ್. ತನ್ನ ಮಾತಿನ ಸರದಿ ತಪ್ಪದ ನಟ ಎಂದರೆ ಹೀಗಿರಬೇಕು.

ಆಗ ನನ್ನ ಸಭೆ ತಿರುಗಿತು. ಇಳಿಜಾರಿನಲ್ಲಿ ಇದ್ದಷ್ಟೂ ಜನ ಒಂದೇ ಸಲಕ್ಕೆ ನನ್ನಿಂದ ಮುಖ ತಿರುಗಿಸಿ ನನ್ನ ಬೆನ್ನ ಹಿಂದಕ್ಕೆ ಮುಖ ಮಾಡಿದರು. ಪ್ರೇಕ್ಷಕರೆಲ್ಲ ಒಟ್ಟಿಗೆ ನಿನ್ನ ಬೆನ್ನ ಹಿಂದೆ ನೋಡಿದರೆ ಏನರ್ಥ ಎಂದು ರಂಗದ ಮೇಲೆ ನಿಂತ ಯಾವಳನ್ನು ಬೇಕಾದರೂ ಕೇಳು: ಯಾರೋ ಪ್ರವೇಶ ಮಾಡಿದ್ದಾರೆ ಎಂದು. ನಾನು ತಿರುಗಿ ನೋಡಲಿಲ್ಲ. ನಿನ್ನ ಅಮ್ಮ, ಬೆಂಕಿ ಬಿದ್ದ ರಂಗಮಂದಿರದಲ್ಲಿ ಮಾತು ಮುಗಿಸಿ ಇಳಿದವಳು, ತಿರುಗಿ ನೋಡಲಿಲ್ಲ. ನೋಡುತ್ತಿದ್ದ ಹಾಗೆ ಅವರೆಲ್ಲ ಬಿಲದೊಳಕ್ಕೆ ಇಳಿದರು, ಒಳಗಿನಿಂದ ರೇಷ್ಮೆ ಎಳೆದುಕೊಂಡು ಬಾಯಿ ಮುಚ್ಚಿಕೊಂಡರು. ಪರದೆ.

ಕೆಳಗೆ ಬಂದಾಗ ಪಿಸುರಾಯ ಬಾಗಿಲಲ್ಲೇ ನಿಂತಿದ್ದ. ಏನಪ್ಪಾ ಅದು ಎಂದೆ. ಕೇಳಿದ್ದು ಪಿಸುಮಾತಿನಲ್ಲಿ! ನನ್ನ ಬಾಯಿಂದ ಪಿಸುಮಾತು! ಅವನು, "ಕೇಳ್ಬೇಡಿ ಅಮ್ಮಾ. ನಿಜವಾಗ್ಲೂ ನಂಗೂ ಗೊತ್ತಿಲ್ಲ. ನೀರಿರ್ಬೇಕು ಕೆಳಗಡೆ" ಅಂದ. "ಗೊತ್ತಿಲ್ದೆ ಇಷ್ಟು ವರ್ಷ ಹೆಂಗಪ್ಪಾ ಇದ್ದೆ?" ಎಂದರೆ, "ಗೊತ್ತು ಮಾಡ್ಕೊಳ್ದೆ ಇದ್ದೆ" ಅಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ: "ಹೋದ ವರ್ಷ ನಿಮ್ಮ ಮಗಳು ಬಂದಾಗ ಶೀತ ಆಗಿ ಗಂಟಲು ಕಟ್ಟಿತ್ತಲ್ಲ, ಒಳ್ಳೇದೇ ಆಯ್ತು."

ನೀರು ಎಂದೇ ನಾನೂ ಇಟ್ಟುಕೊಂಡಿದ್ದೇನೆ. ನೀನೂ ಹಾಗೇ ಇಟ್ಟುಕೋ. ಅಂದಿನಿಂದ ಆ ಸದ್ದು ಬಂಗಲೆಯ ಕೆಳಗೂ ಕೇಳುತ್ತದೆ. ನಾನು ಮೇಜಿನ ಬಳಿ ಕುಳಿತರೆ ಮೇಜಿನ ಕೆಳಗೆ, ಅಡುಗೆಮನೆಗೆ ಹೋದರೆ ಒಲೆಯ ಕೆಳಗೆ. ಲೋಟದ ನೀರಿನಲ್ಲಿ ಉಂಗುರ ಏಳುತ್ತದೆ. ಪಿಸುರಾಯ ಎಷ್ಟು ಓಡಾಡಿದರೂ ಅವನ ಹಿಂದೆ ಹೋಗುವುದಿಲ್ಲ. "ನಿಮ್ಮ ಅಭಿಮಾನಿ" ಎಂದು ಅವನು ಒಮ್ಮೆ ತಮಾಷೆ ಮಾಡಿದ. ನಗಲಿಕ್ಕೆ ಇಬ್ಬರಿಗೂ ಆಗಲಿಲ್ಲ.

ಫೋನು ಯಾಕೆ ಮಾಡಲಿಲ್ಲ ಎಂದು ಕೋಪಿಸಿಕೊಳ್ಳಬೇಡ. ಫೋನು ಚೆನ್ನಾಗಿಯೇ ಇದೆ. ಆದರೆ ನಾನು ಪಿಸುಗುಟ್ಟಿದರೆ ನೀನು "ಯಾರ್ರೀ ಮಾತಾಡ್ತಿರೋದು, ಅಮ್ಮನ್ನ ಕರೀರಿ" ಎನ್ನುತ್ತೀಯ. "ಜೋರಾಗಿ ಹೇಳೇ" ಎನ್ನುತ್ತೀಯ. ನಾನು ಹೇಳಿಬಿಡುತ್ತೇನೆ. ಅಭ್ಯಾಸ ಬಲ. ಅದಕ್ಕೇ ಈ ಕಾಗದ.

ಊರಿಗೆ ಬರಲಿಲ್ಲವೇಕೆ ಎನ್ನುತ್ತೀಯಾ? ಹೋದ ವಾರ ಜೀಪಿನವನ ಜೊತೆ ಹೊರಟೇ ಬಿಟ್ಟಿದ್ದೆ. ತಿರುವಿನಲ್ಲಿ ಜೀಪಿನ ಚಕ್ರ ಹೂತಿತು. ರಸ್ತೆ ಮೆತ್ತಗಾಗಿತ್ತು, ಅಷ್ಟೇ. ವಾಪಸು ಬಂದೆ. ರಸ್ತೆ ಗಟ್ಟಿಯಾದ ಮೇಲೆ ಬರುತ್ತೇನೆ, ಆತುರವೇನಿದೆ? ಗಾಳಿ ಚೆನ್ನಾಗಿದೆ, ಊಟ ಹಿತವಾಗಿದೆ, ಬೆನ್ನುನೋವೂ ಇಲ್ಲ.

ಇನ್ನು ಸೀಸೆಯ ಮಾತು. ಅದರೊಳಗೆ ಚೀಟಿ ಇಲ್ಲ. ಹುಡುಕಬೇಡ, ಒದ್ದೆಯಾಗಿ ಕರಗಿಹೋಗಿಲ್ಲ, ನಾನೇ ಹಾಕಿಲ್ಲ. ಎಲ್ಲಿ ಸಿಕ್ಕಿತು, ಯಾರು ಹಿಡಿದರು ಎಂಬ ಚೀಟಿ ಇಲ್ಲದ ಜೇಡ ಯಾವ ಕೆಲಸಕ್ಕೂ ಬಾರದು, ಅಪ್ಪ ಅಮ್ಮ ಇಲ್ಲದ ಕೂಸು ಎಂದು ನೀನು ಸಾವಿರ ಸಲ ಹೇಳಿದ್ದೀಯ. ಆದರೆ ಅಪರೂಪದ ಜೇಡಗಳನ್ನು ಕದ್ದು ಮಾರುವವರು ಬಂದಾರೆಂದು ನೀವೇ ಎಷ್ಟೋ ಲೇಖನಗಳಲ್ಲಿ ಜಾಗದ ಗುರುತು ಬಿಟ್ಟುಕೊಡುವುದಿಲ್ಲವಲ್ಲ. ಇದಕ್ಕೂ ಹಾಗೇ ಮಾಡು. ಎತ್ತರದ ಬೆಟ್ಟಪ್ರದೇಶ ಎಂದಷ್ಟೇ ಬರೆ. ಗಂಡಿನ ಸೀಸೆಯ ಚೀಟಿಯನ್ನೂ ತೆಗೆದುಬಿಡು. ಲೇಖನ ಓದಿ ನಾಳೆ ನಿನ್ನಂಥವರು ಹತ್ತು ಜನ ಬರುತ್ತಾರೆ, ಸಲಿಕೆ ತರುತ್ತಾರೆ, ಹೊಸದು ಸಿಕ್ಕಾಗ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಾರೆ. ಸಿಕ್ಕ ಸಂತೋಷಕ್ಕೆ ಪಿಸುಗುಟ್ಟುವವರು ಯಾರಿದ್ದಾರೆ?

ಕಾಲು ನೋಡಿಕೋ. ಪ್ಲಾಸ್ಟರಿನೊಳಗೆ ಹೆಣಿಗೆ ಕಡ್ಡಿ ಹಾಕಿ ಕೆರೆದುಕೊಳ್ಳಬೇಡ. ಅಳಿಯಂದಿರ ಮೇಲೆ ಕೂಗಾಡಬೇಡ, ಪಾಪದವರು. ಮನೆಯೊಳಗೂ ತುಸು ಮೆಲ್ಲಗೆ ಮಾತಾಡುವ ಅಭ್ಯಾಸ ಮಾಡಿಕೋ. ನನ್ನಿಂದಲೇ ಆಯಿತೆಂದರೆ ನಿನ್ನಿಂದಲೂ ಆಗುತ್ತದೆ.

ಇಂತು,
ಗಂಟಲು ತಗ್ಗಿದರೂ ಪ್ರೀತಿ ತಗ್ಗದ,
ನಿನ್ನ ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಇದನ್ನು ಹೇಳದೆ ಕಳಿಸಿದರೆ ನೀನು ಬಂದೇ ಬರುತ್ತೀಯ.

ಹಿಡಿದವಳ ಬಿಲವನ್ನು ಆಮೇಲೆ ಕೆದಕಿದಾಗ ಅವಳು ಕಳಚಿದ ಹಳೆಯ ಚರ್ಮ ಸಿಕ್ಕಿತ್ತು. ಸೋಪಿನ ನೀರಿನಲ್ಲಿ ನೆನೆಸಿ, ಹೊಟ್ಟೆಯ ಭಾಗವನ್ನು ಬಿಡಿಸಿ, ನಿನ್ನ ಭೂತಗನ್ನಡಿಯಲ್ಲಿ ನೋಡಿದೆ. ಬೆಳೆದ ಹೆಣ್ಣಾದರೆ ಅಲ್ಲಿ ಗಂಡಿನ ಬೀಜ ಕೂಡಿಡುವ ಎರಡು ಪುಟ್ಟ ಚೀಲ ಇರಬೇಕು ಎಂದು ನೀನೇ ಹೇಳಿದ್ದೆ. ಇಲ್ಲ. ಅದರ ಗುರುತೂ ಇಲ್ಲ. ಪಕ್ಕದ ಬಿಲಗಳ ಚರ್ಮವನ್ನೂ ನೋಡಿದೆ, ಯಾವುದರಲ್ಲೂ ಇಲ್ಲ. ಸೀಸೆಯಲ್ಲಿರುವುದು ಕೂಸು ಮಗಳೇ. ಇಳಿಜಾರಿನಲ್ಲಿ ಅಂಗೈ ಅಗಲಕ್ಕೆ ಕುಳಿತಿದ್ದವರೆಲ್ಲ ಕೂಸುಗಳು. ಗಂಡು ಬೆರಳಿನಷ್ಟಿದೆ ಎಂದು ನಾವು ಹೆಣ್ಣು ಅಂಗೈಯಷ್ಟಿರಬಹುದು ಎಂದು ಅಂದಾಜು ಹಾಕಿಕೊಂಡೆವು. ನೀನು ಸೀಸೆ ತೆರೆದ ಗಳಿಗೆಗೆ ಇದನ್ನು ಕಂಡುಹಿಡಿಯುತ್ತಿದ್ದೆ, ಅಮ್ಮನಿಗೆ ತಿಳಿಯಲಿಲ್ಲ ಪಾಪ ಎಂದುಕೊಂಡು ಬೆಳೆದ ಹೆಣ್ಣನ್ನು ಹುಡುಕಿ ಹೊರಡುತ್ತಿದ್ದೆ. ಅಮ್ಮನಿಗೆ ತಿಳಿದಿದೆ. ಬೆಳೆದ ಹೆಣ್ಣು ಎಲ್ಲಿದ್ದಾಳೆಂದೂ ತಿಳಿದಿದೆ.

ರಸ್ತೆ ಮೆತ್ತಗಾಗಿರಲಿಲ್ಲ. ನಾನು ಜೀಪು ಹತ್ತಿದ ಮೇಲೆ ಚಕ್ರದ ಕೆಳಗಿನ ನೆಲ ಒಳಕ್ಕೆ ಕುಸಿಯಿತು. ಇಳಿದು ಬಂಗಲೆಯತ್ತ ನಡೆದೆ, ಸದ್ದು ನನ್ನ ಜೊತೆ ಬಂತು, ಜೀಪು ತಾನಾಗಿ ಬಿಡಿಸಿಕೊಂಡಿತು. ಆ ಬೆಳೆದ ಹೆಣ್ಣು ನೆಲದಡಿಯಲ್ಲಿ ಹುಡುಕುತ್ತಿದ್ದಾಳೆ. ಆ ದಡ್ ದಡ್ ನನ್ನ ಮಾತಿಗೆ ಉತ್ತರವೆಂದು ಬೀಗಿದ್ದೆನಲ್ಲ, ಅದು ಕಾಣೆಯಾದ ಕೂಸನ್ನು ಕರೆಯುವ ಕರೆ. ನಾನು ಸುಮ್ಮನಿದ್ದರೆ ಜೋರಾಗುತ್ತದೆ, ಗೋಡೆಯ ಗಾರೆ ಉದುರುತ್ತದೆ. ಬೆರಳ ತುದಿಯಿಂದ ನೆಲವನ್ನು ಮೆಲ್ಲಗೆ, ಅವಳ ಕೂಸೇ ತಟ್ಟಿದ ಹಾಗೆ ತಟ್ಟಿದರೆ ಶಾಂತವಾಗುತ್ತಾಳೆ. ಈಗ ನನಗೆ ಸಿಕ್ಕಿರುವ ಪಾರ್ಟು ಇದು. ನಾನು ಇಲ್ಲಿ ಕುಳಿತು ತಟ್ಟುತ್ತಿರುವಷ್ಟು ಹೊತ್ತು ಜೀಪು ತಿರುವು ದಾಟಬಹುದು. ಪಿಸುರಾಯನನ್ನೂ ಇವತ್ತೇ ಕಳಿಸುತ್ತಿದ್ದೇನೆ.

ಈ ಜಾತಿಗೆ ಹೆಸರಿಡಬೇಡ. ಸೀಸೆಯನ್ನು ಯಾರಿಗೂ ತೋರಿಸಬೇಡ. ನನ್ನನ್ನು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತು ಅಮ್ಮಾ ಎಂದು ಕೂಗಬೇಡ. ಅವಳ ಮಗುವನ್ನು ಕೊಂದವಳು ನಾನು. ನನಗೂ ಒಬ್ಬಳು ಮಗಳಿದ್ದಾಳೆಂದು ಅವಳಿಗೆ ತಿಳಿಯುವುದು ಬೇಡ.